ಎರಡು ನಂಬರಿನ ಪಂಪು

ಡಿಸೆಂಬರಿನ ಆ ಭಾನುವಾರ ಕುಲ್ಸುಂಗೆ ಜ್ವರ ಬಿಟ್ಟು ಎರಡು ದಿನವಾಗಿತ್ತು. ಕೊರೊನಾ ಕ್ವಾರಂಟೈನ್ ಮುಗಿಯಲು ಇನ್ನೂ ನಾಲ್ಕು ದಿನವಿತ್ತು. ಮಲೇಷ್ಯಾದ ಸೈಬರ್‌ಜಯಾ ಊರಿನ ಹದಿನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ಅವಳೊಬ್ಬಳೇ. ಹೊರಗೆ ಬಿಡದೆ ಸುರಿದ ಮಳೆಗೆ ಹೊಳೆಗಳು ಉಕ್ಕಿ, ತಗ್ಗಿನ ಬಡಾವಣೆಗಳಲ್ಲಿ ಜನ ಮನೆಯ ಮಾಡು ಹತ್ತಿ ಕೂತಿದ್ದರು.

ಧಾರವಾಡದವಳಾದ ಅವಳು ಕೆಲಸ ಮಾಡುತ್ತಿದ್ದ ಕಂಪನಿ, ಅಲ್ಲಿನ ಸೇನೆಗೆ ಸಾಮಾನು ಕೊಳ್ಳುವ ಸರ್ಕಾರಿ ಇಲಾಖೆಯ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿತ್ತು. ಯಾವ ಬಿಡಿಭಾಗ ಯಾವ ಗೋದಾಮಿನಲ್ಲಿದೆ ಎಂಬುದೆಲ್ಲ ಅದರಲ್ಲೇ. ಬೆಳಿಗ್ಗೆ ಎಂಟಕ್ಕೆ ಅವಳ ಮ್ಯಾನೇಜರ್, ಮೈಸೂರಿನ ನರಹರಿ ಫೋನ್ ಮಾಡಿದರು.

“ಹುಷಾರಾಗಿದ್ದೀಯೇನಮ್ಮ? ನೆರೆಯಲ್ಲಿ ಸಿಕ್ಕಿದವರನ್ನ ಕರ್ಕೊಂಡು ಬರೋ ಒಂದು ಹೆಲಿಕಾಪ್ಟರ್ ನಿಂತ್ಬಿಟ್ಟಿದೆ. ಹೈಡ್ರಾಲಿಕ್ ಪಂಪ್ ಹೋಗಿದೆ, ಸಿಸ್ಟಮ್‌ನಲ್ಲಿ ಸ್ಟಾಕ್ ಸೊನ್ನೆ. ಹೊರಗಿಂದ ತರಿಸೋಕೆ ಹತ್ತು ವಾರ ಅಂತಾರೆ. ಒಂದ್ಸಲ ನೋಡ್ತೀಯಾ?”

ಕುಲ್ಸುಂ ಕಂಬಳಿ ಹೊದ್ದುಕೊಂಡೇ ಕೂತಳು. ಸಿಸ್ಟಮ್ ತೆರೆದು ನೋಡಿದರೆ ಸೊನ್ನೆಯೇ. ಆದರೂ ಮನಸ್ಸು ಒಪ್ಪಲಿಲ್ಲ. ಪಂಪು ತಯಾರಿಸುವ ಕಂಪನಿ ಕೆಲವು ವರ್ಷಗಳ ಹಿಂದೆ ಬೇರೆಯವರ ಕೈ ಸೇರಿತ್ತು. ಆಮೇಲೆ ಬಂದ ಸಾಮಾನಿಗೆಲ್ಲ ಹೊಸ ನಂಬರು. ಹಾಗಾದರೆ ಹಳೇ ನಂಬರಿನಲ್ಲಿ ಕೊಂಡದ್ದು ಎಲ್ಲಿ ಹೋಯಿತು? ಹಳೆಯ ಖರೀದಿ ಕಡತಗಳನ್ನು ಒಂದೊಂದಾಗಿ ತೆರೆದಳು. ಹತ್ತೂವರೆಗೆ ಹಳೇ ನಂಬರಿನ ಪಂಪಿನದೊಂದು, ಹೊಸ ನಂಬರಿನದೊಂದು, ಎರಡು ನಕ್ಷೆಗಳು ಪಕ್ಕಪಕ್ಕದಲ್ಲಿ ಬಂದವು. ಅದೇ ಅಳತೆ, ಅದೇ ಒತ್ತಡ, ನಕ್ಷೆಯ ಸಂಖ್ಯೆಯೂ ಅದೇ! ಹಳೇ ನಂಬರಿನಲ್ಲಿ ಎರಡು ಪಂಪುಗಳಿದ್ದವು, ಬೇಡವೆಂದು ತೆಗೆದುಹಾಕುವ ಸಾಮಾನಿನ ‘ವಿಲೇವಾರಿ’ ಪಟ್ಟಿಯಲ್ಲಿ.

“ಸರ್, ಐತ್ರಿ! ನಮ್ಮ ಗೋದಾಮಿನಾಗ ಐತಿ! ಎರಡು ನಂಬರ್, ಒಂದ ಪಂಪ್!”

“ಖಂಡಿತಾನಾ?”

“ಕಣ್ಣಾರೆ ನೋಡಿದ ಮ್ಯಾಲೆ ಹೇಳ್ತೀನ್ರಿ. ಗೋದಾಮಿನವರನ್ನ ಲೈನಿಗೆ ತಗೋರಿ.”

ಗೋದಾಮಿನ ಸಾರ್ಜೆಂಟ್ ರೊಸ್ಲಿ ವಿಡಿಯೊ ಕಾಲಿನಲ್ಲಿ ಬಂದ. ಮಾಸ್ಕಿನ ಮೇಲೆ ಎರಡು ಕಣ್ಣು ಮಾತ್ರ. ಸಾಲುಸಾಲು ಕಪಾಟುಗಳ ನಡುವೆ ಅವನು ಓಡಿದಂತೆ ಪರದೆ ಕುಣಿಯಿತು. ಮೊದಲನೇ ಪೆಟ್ಟಿಗೆಯ ಸೀಲು ಒಡೆದಿತ್ತು. ಸೀಲು ಒಡೆದದ್ದನ್ನು ಹೆಲಿಕಾಪ್ಟರಿಗೆ ಹಾಕುವಂತಿರಲಿಲ್ಲ.

“ಇನ್ನೊಂದು ತೆಗೀರಿ, ಇನ್ನೊಂದು!” ಎಂದು ಇಂಗ್ಲಿಷಿನಲ್ಲಿ ಕೂಗಿದಳು.

ರೊಸ್ಲಿ ಎರಡನೆಯದರ ಧೂಳೊರಸಿ ಚೀಟಿಯನ್ನು ಕ್ಯಾಮೆರಾಗೆ ಹಿಡಿದ. ಸೀಲು ಗಟ್ಟಿ. ಬಳಸುವ ಅವಧಿ ಮುಗಿಯಲು ಇನ್ನೂ ಏಳು ತಿಂಗಳು. “ಇದೆ ಲಾ, ಮೇಡಂ!” ಎಂದು ಅವನೂ ತನ್ನ ಮಲಯ್ ಧಾಟಿಯಲ್ಲಿ ಕಿರುಚಿದ.

ಅಷ್ಟಕ್ಕೇ ಮುಗಿಯಲಿಲ್ಲ. ವಾಯುನೆಲೆಯ ಮುಖ್ಯ ಇಂಜಿನಿಯರ್ ಸಹಿ ಮಾಡದೆ ಪಂಪು ಗೋದಾಮಿನ ಬಾಗಿಲು ದಾಟುವಂತಿರಲಿಲ್ಲ. ಕುಲ್ಸುಂ ನಕ್ಷೆ, ಖರೀದಿ ಪತ್ರ, ಪರೀಕ್ಷಾ ವರದಿ ಎಲ್ಲ ಕಳಿಸಿದಳು. ಅವರು ಇಪ್ಪತ್ತು ನಿಮಿಷ ಒಂದರ ಮೇಲೊಂದು ಪ್ರಶ್ನೆ ಕೇಳಿದರು. ಅವಳು ತಡವರಿಸದೆ ಉತ್ತರ ಕೊಟ್ಟಳು. ಕೊನೆಗೆ ಪರದೆಯ ಮೇಲೆ ಸಹಿ ಮೂಡಿತು. ನೀರು ನಿಂತ ಹೆದ್ದಾರಿಯಲ್ಲಿ ಸೇನೆಯ ದೊಡ್ಡ ಲಾರಿ ಪಂಪು ಹೊತ್ತು ಹೊರಟಿತು.

ಸಂಜೆ ಆರಕ್ಕೆ ನರಹರಿಯವರ ಫೋನು. ಮಾತಿಗಿಂತ ಮೊದಲು ಹೆಲಿಕಾಪ್ಟರಿನ ರೆಕ್ಕೆಗಳ ಭೋರ್ಗರೆತ ಕೇಳಿಸಿತು.

“ಕೇಳಿಸ್ಕೋ! ವಾಯುನೆಲೆಯಿಂದ ರೆಕಾರ್ಡ್ ಮಾಡಿ ಕಳಿಸಿದ್ದಾರೆ. ಎದ್ದಿದೆ ಕಣಮ್ಮ! ಮೊದಲ ಸುತ್ತಲ್ಲೇ ಮಾಡಿನ ಮೇಲಿದ್ದ ಒಂಬತ್ತು ಜನಾನ ಹತ್ತಿಸ್ಕೊಂಡು ಬಂದಿದಾರೆ, ಒಬ್ಬಳು ಬಾಣಂತಿನೂ ಇದ್ದಳಂತೆ!”

ಕುಲ್ಸುಂ ನಗುತ್ತಲೇ ಅತ್ತಳು. ಅಪ್ಪಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಬಾಲ್ಕನಿಗೆ ಓಡಿ, ಎದುರು ಕಟ್ಟಡದ ಬಾಲ್ಕನಿಯಲ್ಲಿ ನಿಂತಿದ್ದ ಪರಿಚಯವೇ ಇಲ್ಲದ ಹೆಂಗಸಿಗೆ ಎರಡೂ ಕೈ ಎತ್ತಿ ಬೀಸಿದಳು. ಆಕೆಯೂ ಏನೆಂದು ಕೇಳದೆ ಕೈ ಬೀಸಿದಳು.