ಮಣ್ಣಿಗೊಂದು ತಂತಿ

ಸುಟ್ಟ ಮೋಟಾರಿನ ಹೊಟ್ಟೆ ಬಗೆದು ತಾಮ್ರ ತೆಗೆಯುವುದರಲ್ಲಿ ವೈಂಡಿಂಗ್ ಅಜ್ಜನನ್ನು ಮೀರಿಸುವವರಿರಲಿಲ್ಲ. ನಾಲಿಗೆಯನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದರಲ್ಲಿ ಅವನಷ್ಟು ಕೈಲಾಗದವರೂ ಇರಲಿಲ್ಲ. ಊರಿನ ಫ್ಯಾನು ಪಂಪುಗಳಿಗೆಲ್ಲ ಜೀವ ತುಂಬಿದ ಆಸಾಮಿ, ಕುಹಕದ ಮಾತಾಡಿ ಮನೆಯವರ ಜೀವ ತಿನ್ನುತ್ತಿದ್ದ. ಅಂಥವನ ಬಾಯಿಯೂ ಆ ಬಿರುಗಾಳಿಯ ಮಾರನೆಯ ದಿನ ಕಟ್ಟಿಹೋಗಿತ್ತು. ಮೀನಿನ ದೋಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ ಒಬ್ಬನೇ ಮಗ ಕಡಲಿನಿಂದ ವಾಪಸು ಬಂದಿರಲಿಲ್ಲ.

ಬಂದರಿನ ವೈರ್‌ಲೆಸ್ ಕಂಬ ಗಾಳಿಗೆ ಮುರಿದುಬಿದ್ದಿತ್ತು. ಫೋನಿಲ್ಲ, ಕರೆಂಟಿಲ್ಲ. ಹುಡುಕಲು ಹೋಗಬಹುದಾದ ಲಾಂಚು ಒಂದಿತ್ತು, ಅದರ ಯಜಮಾನ ಕೆಟ್ಟವನೇನಲ್ಲ. "ಎಲ್ಲಿದ್ದಾರೆ ಅಂತ ಹೇಳಿ, ಈ ಕ್ಷಣ ಹೊರಡ್ತೀನಿ," ಎಂದ. "ಇರೋ ಡೀಸೆಲ್ಲು ಒಂದು ದಿಕ್ಕಿಗೆ ಮಾತ್ರ ಸಾಕಾಗುತ್ತೆ. ಸುಮ್ಮನೆ ಸುತ್ತೋಕೆ ಅದೇನು ಕೆರೆನಾ, ಅಜ್ಜ?"

ಅಜ್ಜನ ಅಂಗಡಿಯ ಅಟ್ಟದಲ್ಲಿ, ಒಡೆದ ದೋಣಿಯೊಂದರಿಂದ ಬ್ಯಾಟರಿ ಸಮೇತ ಬಿಚ್ಚಿ ತಂದ ರೇಡಿಯೊ ಪೆಟ್ಟಿಗೆ ಇತ್ತು. ಅದರಲ್ಲಿ ಮಾತಾಡಲು ಬರುತ್ತಿರಲಿಲ್ಲ. ದೋಣಿಗಳವರ ಮಾತು ಕೇಳಬಹುದಿತ್ತು, ಅದೂ ದನಿ ಹಿಡಿಯಲು ಎತ್ತರದಲ್ಲೊಂದು ಏರಿಯಲ್ ತಂತಿ ಇದ್ದರೆ. ಅಜ್ಜ ಅಂಗಡಿಯಲ್ಲಿದ್ದ ಸುಟ್ಟ ಮೋಟಾರುಗಳನ್ನೆಲ್ಲ ಮನೆಯಂಗಳಕ್ಕೆ ತಂದು ಸುರಿದ. ಸೊಸೆ ತಂತಿಯ ತುದಿ ಹಿಡಿದು ಬೀದಿಯುದ್ದಕ್ಕೂ ನಡೆದಳು, ಅವನು ಸುರುಳಿ ಬಿಚ್ಚುತ್ತ ಹೋದ. ಮುರಿದ ಏಣಿಗೆ ಬಟ್ಟೆ ಒಣಗಿಸುವ ಗಳು ಕಟ್ಟಿ, ಅದನ್ನು ಮಾಳಿಗೆಯ ನೀರಿನ ಟ್ಯಾಂಕಿಗೆ ಬಿಗಿದರು. ತಂತಿ ಗಳುವಿಗೆ ತಾಗದಿರಲೆಂದು ಒಡೆದ ಬಾಟಲಿಗಳ ಕುತ್ತಿಗೆ ಪೋಣಿಸಿದರು. ತಾಮ್ರದ ಮೇಲಿನ ವಾರ್ನಿಷ್ ಉಳಿದರೆ ಗಂಟು ಹಾಕಿಯೂ ದಂಡ. ಹಾಗಾಗಿ ಅಜ್ಜ ಪ್ರತಿ ಗಂಟನ್ನೂ ಬ್ಲೇಡಿನಿಂದ ಕೆರೆದು, ಹೊಳಪು ಬಂದ ಮೇಲೆಯೇ ಹೆಣೆದ.

ಉಳಿದದ್ದು ಅರ್ತಿಂಗ್, ಪೆಟ್ಟಿಗೆಯ ಇನ್ನೊಂದು ತಂತಿಯನ್ನು ಮಣ್ಣಿಗಿಳಿಸುವ ಕೆಲಸ; ಅದಿಲ್ಲದಿದ್ದರೆ ಪೆಟ್ಟಿಗೆಯಲ್ಲಿ ಮಾತಿಗಿಂತ ಗದ್ದಲವೇ ಹೆಚ್ಚು. ಬಚ್ಚಲ ನೀರು ಹರಿದು ನೆಲ ಸದಾ ಒದ್ದೆಯಾಗಿರುವ ಹಿತ್ತಲಲ್ಲಿ, ಹಳೆ ಪಂಪಿನ ಪೈಪೊಂದನ್ನು ಹೂತು, ತಂತಿ ಸುತ್ತಿ, ಮೇಲೆ ಮಣ್ಣು ಗುಡ್ಡೆ ಹಾಕಿ ಕಲ್ಲಿಟ್ಟ. ಹೆಂಡತಿ ಕುಡಿಯಲು ನೀರು ತಂದವಳು ನಿಂತು ನೋಡಿದಳು.

"ಇದೇನ್ರೀ?"

ಕೆಲಸ ಮುಗಿದ ಹುರುಪಿನಲ್ಲಿ ಅಜ್ಜನ ನಾಲಿಗೆಗೆ ಮತ್ತೆ ಜೀವ ಬಂದಿತ್ತು. "ನಿನ್ನ ಮಗನ ದನಿ ಬೇಕು ತಾನೇ? ಅದಕ್ಕೇ ಅವನ ಹೆಸರಲ್ಲಿ ಮಣ್ಣು ಮಾಡ್ತಿದ್ದೀನಿ."

ತಂತಿಯನ್ನು ಮಣ್ಣಿಗೆ ಹಾಕುವ ಮಾತು, ಬಾಯಿಂದ ಹೊರಟದ್ದು ಹೆಣ ಹೂಳುವ ಮಾತು. ಹೆಂಡತಿಯ ಕೈಯಲ್ಲಿದ್ದ ಚೊಂಬು ಬಿತ್ತು.

"ಅಯ್ಯೋ! ನಿಮ್ಮ ಬಾಯಲ್ಲಿ ಒಳ್ಳೇದು ಬರಲ್ವಾ? ಬಿಡ್ತು ಅನ್ನಿ!"

"ಅರ್ತಿಂಗ್ ಕಣೇ, ಅರ್ತಿಂಗ್!"

"ಏನಾದ್ರೂ ಆಗ್ಲಿ. ಬಿಡ್ತು ಅನ್ನಿ. ನಿಮ್ಮ ಕಾಲಿಗೆ ಬೀಳ್ತೀನಿ."

ಒಂದು ಮಾತು, ಎರಡೂವರೆ ಅಕ್ಷರ. ಅಂದಿದ್ದರೆ ಅಪ್ಪನ ಗಂಟೇನಾದರೂ ಹೋಗುತ್ತಿತ್ತೇ? "ಹುಚ್ಚು ಮುದುಕಿ," ಎಂದು ಮಣ್ಣಿನ ಕೈ ಕೊಡವಿ ಎದ್ದುಹೋದ.

ಸಂಜೆ ಪೆಟ್ಟಿಗೆ ಮಾತಾಡಿತು. ಮೊದಲು ಗೊರಗೊರ, ಆಮೇಲೆ ಮಗನದೇ ದನಿ. "ಯಾರಾದ್ರೂ ಕೇಳ್ತಿದ್ದೀರಾ? ಎಂಜಿನ್ ಕೆಟ್ಟಿದೆ, ನೀರು ನುಗ್ತಾ ಇದೆ. ಎಲ್ಲರೂ ಇದ್ದೀವಿ. ಎಲ್ಲಿದ್ದೀವಿ ಅಂತ ತಿಳೀತಿಲ್ಲ. ಬೆಳಗಾದ ಮೇಲೆ ಗುರುತು ನೋಡಿ ಹೇಳ್ತೀನಿ. ಬ್ಯಾಟರಿ ಅಷ್ಟಕ್ಕೇ ಸಾಕು." ಸೊಸೆ ನಗುತ್ತ ಅತ್ತಳು. ಅತ್ತೆ ಪೆಟ್ಟಿಗೆಯನ್ನು ಸೆರಗಿನಲ್ಲಿ ಒರೆಸಿದಳು. ಅಜ್ಜ ಬಂದರಿಗೆ ಓಡಿ, "ಬೆಳಿಗ್ಗೆ ಎಂಜಿನ್ ಬಿಸಿ ಮಾಡಿಟ್ಟಿರಪ್ಪ," ಎಂದು ಹೇಳಿ ಬಂದ.

ಬೆಳಗಾಗುವಾಗ ಪೆಟ್ಟಿಗೆ ಹುಚ್ಚು ಹಿಡಿದಂತೆ ಅರಚತೊಡಗಿತ್ತು. ಎಲ್ಲೋ ಗಂಟು ಸಡಿಲಿದೆ ಎಂದುಕೊಂಡ ಅಜ್ಜ ಮಾಳಿಗೆ ಹತ್ತಿದ. ಒಂದೊಂದೇ ಗಂಟು ಹಿಸುಕಿ ನೋಡಿದ, ಎಲ್ಲವೂ ಸರಿಯಾಗಿದ್ದವು. ಕೆಟ್ಟದ್ದು ನೆಲದಲ್ಲಿರಬಹುದೆಂದು ಆ ಬುದ್ಧಿವಂತನಿಗೆ ಹೊಳೆಯಲೇ ಇಲ್ಲ. ಕೆಳಗೆ ಪೆಟ್ಟಿಗೆಗೆ ಕಿವಿಯೊತ್ತಿ ಕೂತಿದ್ದ ಸೊಸೆ ಕೂಗಿದಳು.

"ಮಾವಾ, ಇವರದೇ ದನಿ! ಬಂಡೆ ಅಂತಿದ್ದಾರೆ! ಯಾವ ಬಂಡೆ, ಒಂದೂ ಕೇಳ್ತಿಲ್ಲ ಮಾವಾ!"

ಮತ್ತೆ ಬರೀ ಅರಚಾಟ. ಅದೊಂದು ಮಾತನ್ನೇ ಕಟ್ಟಿಕೊಂಡು ಸೊಸೆ ಬಂದರಿಗೆ ಓಡಿದಳು. ಆ ಕಡಲಿನಲ್ಲಿ ಉತ್ತರಕ್ಕೊಂದು ಬಂಡೆ, ದಕ್ಷಿಣಕ್ಕೊಂದು ಬಂಡೆ. ಗಾಳಿ ಬೀಸಿದ ದಿಕ್ಕು ನೋಡಿ ಲಾಂಚಿನ ಯಜಮಾನ ಉತ್ತರಕ್ಕೆ ಹೊರಟ.

ಅಜ್ಜ ಇಳಿದು ಹಿತ್ತಲಿಗೆ ಬಂದಾಗ ಪೈಪು ಗೋಡೆಗೆ ಒರಗಿತ್ತು, ಅದನ್ನು ತೊಳೆದು ಸ್ವಚ್ಛ ಮಾಡಲಾಗಿತ್ತು. ಹೆಂಡತಿ ಕೂತು, ಗುಡ್ಡೆಯಿದ್ದ ಜಾಗವನ್ನು ಅಂಗೈಯಲ್ಲಿ ಸವರಿ ಮಟ್ಟ ಮಾಡುತ್ತಿದ್ದಳು.

"ನೀವು ಅನ್ನಲೇ ಇಲ್ಲ," ಎಂದಳು. "ರಾತ್ರಿಯೆಲ್ಲ ಕಾದೆ. ನನ್ನ ಮಗ ಬದುಕಿದ್ದಾನೆ, ಅವನ ಹೆಸರಲ್ಲಿ ಹಿತ್ತಲಲ್ಲಿ ಗುಡ್ಡೆ, ಮೇಲೊಂದು ಕಲ್ಲು! ನೋಡೋಕಾಗ್ಲಿಲ್ಲ ರೀ, ಕಿತ್ತುಬಿಟ್ಟೆ. ದನಿ ನಿನ್ನೆನೇ ಬಂತಲ್ಲ, ಇನ್ನು ಮೇಲಿನ ತಂತಿ ಸಾಕು ಅಂದ್ಕೊಂಡೆ."

ಅಜ್ಜನ ಕೈ ತಾನಾಗಿ ಮೇಲೆದ್ದಿತು. ತಾನು ಅನ್ನದೇ ಉಳಿಸಿದ ಮಾತು ನೆನಪಾಗಿ ಹಾಗೆಯೇ ಇಳಿಯಿತು. ಪೈಪನ್ನು ಮತ್ತೆ ಹೂತು ತಂತಿ ಕಟ್ಟಿದ. ಪೆಟ್ಟಿಗೆಯ ಅರಚಾಟ ನಿಂತಿತು. ಮಾತಾಡುವವರು ಯಾರೂ ಇರಲಿಲ್ಲ.

ಲಾಂಚು ಉತ್ತರದಿಂದ ಬರಿಗೈಯಲ್ಲಿ ಬಂತು. ಅವರಿವರಿಂದ ಡೀಸೆಲ್ ಬೇಡಿ ದಕ್ಷಿಣಕ್ಕೆ ಹೋಗುವಷ್ಟರಲ್ಲಿ ಹೊತ್ತು ಮೀರಿತ್ತು. ಬಂಡೆಯ ಬುಡದಲ್ಲಿ ದೋಣಿಯ ಹಲಗೆಗಳು ಸಿಕ್ಕವು. ಮಗನ ಹೆಣ ಆಮೇಲೆ ದಡಕ್ಕೆ ಬಂತು.

ಎಲ್ಲ ಮುಗಿದ ಮೇಲೆ ಸೊಸೆ ಅಂಗಳಕ್ಕೆ ಬಂದು ಅಜ್ಜನ ಮುಂದೆ ನಿಂತಳು. ಅತ್ತು ಅತ್ತು ಅವಳ ದನಿ ಒಡೆದಿತ್ತು.

"ಮಾವ, ಆವತ್ತು ಬೆಳಿಗ್ಗೆ ಪೆಟ್ಟಿಗೆ ಯಾಕೆ ಕೆಡ್ತು?"

ಅಜ್ಜ ತಲೆಯೆತ್ತಲಿಲ್ಲ. "ಒಂದು ಗಂಟು ಕೆರೆದಿರಲಿಲ್ಲ, ಮಗಳೇ. ಅವಸರದಲ್ಲಿ ಮರೆತುಬಿಟ್ಟೆ."

"ಎಲ್ಲಾ ಕೆರೆದಿದ್ದನ್ನ ನಾನೇ ನೋಡಿದ್ನಲ್ಲ?"

"ಒಂದು ಉಳಿದಿತ್ತಮ್ಮ. ನನ್ನದೇ ತಪ್ಪು."

ಸೊಸೆ ಹಿಂದೆ ಸರಿದಳು. "ಇನ್ಮೇಲೆ ನನ್ನನ್ನ ಮಗಳೇ ಅನ್ನಬೇಡಿ," ಎಂದಳು.

ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಏನೋ ಹೇಳಲು ಬಾಯಿ ತೆರೆದಳು.

"ನೀನು ಒಳಗೆ ಹೋಗೇ," ಎಂದ ಅಜ್ಜ.

ಅವಳು ಹೋದಳು.