ಮೂರು ದಿನ ಒಂದೇ ನೀರು

ನಾನು ಎರಡನೇ ಇಯತ್ತೆಯವರೆಗೆ ಸಾಲಿಗೆ ಹೋದವನು. ಅಕ್ಷರ ಕೂಡಿಸಿ ಓದಲು ತಿಣುಕುತ್ತೇನೆ, ಅಂಕಿ ಮಾತ್ರ ಕೈಬಿಟ್ಟಿಲ್ಲ. ಆ ಅಂಕಿಯ ಮೇಲೆಯೇ ಮೂವತ್ತೊಂದು ವರ್ಷ ಉಂಡಿದ್ದೇನೆ. ಇಂಡಿ ತಾಲೂಕಿನ ನಮ್ಮೂರ ಹತ್ತಿರ ಭೀಮಾ ಹೊಳೆಗೆ ಅಡ್ಡಲಾಗಿ, ನೀರು ತಡೆಯಲು ಒಂದು ಬಾಂದಾರ ಕಟ್ಟಿದ್ದಾರೆ. ಅದರ ಗೋಡೆಯ ಮೇಲೆ ಕಪ್ಪು ಬಿಳಿ ಗೆರೆ ಎಳೆದು ಅಂಕಿ ಬರೆದಿದ್ದರು. ನೀರು ಯಾವ ಗೆರೆ ಮುಟ್ಟಿದೆ ಎಂದು ದಿನಕ್ಕೆ ಮೂರು ಸಲ ನೋಡಿ ಇಂಜಿನಿಯರ ಸಾಹೇಬರಿಗೆ ಹೇಳುವುದು ನನ್ನ ಕೆಲಸವಾಗಿತ್ತು. ಧರೆಪ್ಪ ತಪ್ಪು ಓದಿದ ಎಂದು ಒಂದು ದಿನವೂ ಯಾರೂ ಅಂದಿಲ್ಲ.

ಕೆಲಸ ಬಿಟ್ಟು ಹನ್ನೆರಡು ವರ್ಷವಾಯಿತು. ಈಗ ಮೇಲೆ ಮಹಾರಾಷ್ಟ್ರದ ಡ್ಯಾಮಿನಿಂದ ಎಷ್ಟು ನೀರು ಬಿಟ್ಟರು ಎಂಬುದು ಕಂಪ್ಯೂಟರಿನಲ್ಲಿ ಬರುತ್ತದೆ. ಅಲ್ಲಿ ಬಿಟ್ಟ ನೀರು ನಮ್ಮೂರು ಮುಟ್ಟಲು ಒಂದೂವರೆ ದಿನ ಬೇಕು. ಮಳೆಗಾಲ ಬಂತೆಂದರೆ ನಾನು ದಿನಾ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಎದುರು ಗುಲನಾಜ ನಡೆಸುವ ಆನ್‌ಲೈನ್ ಸೆಂಟರಿಗೆ ಹೋಗುತ್ತೇನೆ. ಆ ಹುಡುಗಿ ನನ್ನನ್ನು ಕಂಡೊಡನೆ ಡ್ಯಾಮಿನ ಪುಟ ತೆಗೆಯುತ್ತಾಳೆ. ಬಿಟ್ಟ ನೀರು ಎಷ್ಟು, ಡ್ಯಾಮು ತುಂಬಿದ್ದು ಎಷ್ಟು, ಕೆಳಗೆ ಮೂಲೆಯಲ್ಲಿ ತಾರೀಖು ಯಾವುದು, ಇಷ್ಟು ನೋಡಿಕೊಂಡು ಬರುತ್ತೇನೆ. ದಾರಿಯಲ್ಲಿ ಕೇಳಿದವರಿಗೆಲ್ಲ ಹೇಳುತ್ತೇನೆ. ಹೊಳೆಯಲ್ಲಿ ಮೋಟಾರು ಇಳಿಸಿದವರು ನನ್ನ ಮಾತಿನ ಮೇಲೆ ಮೋಟಾರು ಎತ್ತುತ್ತಾರೆ, ಇಲ್ಲವೇ ಬಿಡುತ್ತಾರೆ.

ಎಲ್ಲರಿಗಿಂತ ಮೊದಲು ಕೇಳುವವಳು ನನ್ನ ತಂಗಿ ಲಕ್ಕವ್ವ. ಅವಳವು ಹನ್ನೊಂದು ಆಡು. ಹೊಳೆಯ ನಡುವಿನ ಗಡ್ಡೆಯಲ್ಲಿ ಹುಲ್ಲು ಚಿಗುರಿತೆಂದರೆ ಮೊಣಕಾಲು ನೀರು ದಾಟಿಸಿ ಅಲ್ಲಿಗೆ ಹೊಡೆದುಕೊಂಡು ಹೋಗುತ್ತಾಳೆ. ನಾನು ಹೂಂ ಅನ್ನದೆ ನೀರಿಗೆ ಕಾಲಿಡುವವಳಲ್ಲ.

ಸೋಮವಾರ ಸಂಜೆ ಪಂಚಾಯತಿಯವರು ಓಣಿಯಲ್ಲಿ ಹಲಗೆ ಬಾರಿಸಿ ಡಂಗುರ ಹೊಡೆಸಿದರು. "ಮ್ಯಾಲಿಂದ ನೀರ ಬಿಟ್ಟಾರ, ಹೊಳಿಗೆ ಯಾರೂ ಇಳೀಬ್ಯಾಡ್ರಪೋ!" ಮಳೆಗಾಲದಲ್ಲಿ ನಾಲ್ಕು ಸಲ ಹೀಗೆ ಹೊಡೆಸುತ್ತಾರೆ. ಮೂರು ಸಲ ನೀರು ಬರುವುದಿಲ್ಲ.

ಮಂಗಳವಾರ ಬೆಳಿಗ್ಗೆ ನಾನು ಸೆಂಟರಿನಿಂದ ಬರುವಾಗ ಲಕ್ಕವ್ವ ಆಡುಗಳ ಸಮೇತ ದಾರಿಯಲ್ಲೇ ನಿಂತಿದ್ದಳು.

"ನಿನ್ನಿ ಹಲಗಿ ಹೊಡದ್ರಲ್ಲ ಅಣ್ಣಾ, ಏನಂತೈತಿ ಆ ಸೆಂಟರಿನ ಟಿವಿ?"

"ಐದು ಸಾವಿರ ಕ್ಯೂಸೆಕ್. ರವಿವಾರನೂ ಅಷ್ಟ, ನಿನ್ನಿನೂ ಅಷ್ಟ."

"ತಾರೀಖು ನೋಡಿದ್ಯಾ?"

"ನೋಡೀನಿ. ಇವತ್ತಿಂದು ಐತಿ."

"ಅವ್ರದು ಪ್ರತಿ ವರ್ಷ ಇದ ಗದ್ಲ," ಎಂದು ನಕ್ಕಳು. "ದಾಟ್ಲ್ಯಾ ಹಂಗಾದ್ರ?"

"ದಾಟು," ಎಂದೆ.

ಆಕೆ ಹೋದ ಮೇಲೆ ಹೋಟೆಲಿನಲ್ಲಿ ಕೂತು ಚಹಾ ಹೇಳಿದೆ. ನೋಡಿದ ಅಂಕಿಯನ್ನು ಮನಸ್ಸಿನಲ್ಲಿ ಮತ್ತೊಮ್ಮೆ ಓದಿಕೊಳ್ಳುವುದು ನನ್ನ ಹಳೆಯ ರೂಢಿ. ಬಿಟ್ಟ ನೀರು ಐದು ಸಾವಿರ. ಡ್ಯಾಮು ತುಂಬಿದ್ದು ನೂರಕ್ಕೆ ತೊಂಬತ್ನಾಲ್ಕು ಪಾಯಿಂಟ್ ಮೂರು ಏಳು. ನಿನ್ನೆ? ತೊಂಬತ್ನಾಲ್ಕು ಪಾಯಿಂಟ್ ಮೂರು ಏಳು. ಮೊನ್ನೆ?

ಚಹಾದ ಗ್ಲಾಸು ಬಾಯಿಯ ಹತ್ತಿರ ಹೋಗಿ ನಿಂತಿತು.

ಗೇಟು ಮುಟ್ಟದಿದ್ದರೆ ಬಿಟ್ಟ ನೀರು ಮೂರು ದಿನವಲ್ಲ, ಹತ್ತು ದಿನ ಒಂದೇ ಇರಬಹುದು. ಆದರೆ ತುಂಬಿದ ನೀರು? ಮೇಲೆ ಮಳೆ ಹಿಡಿದಿದೆ, ಹಳ್ಳಕೊಳ್ಳ ಹರಿಯುತ್ತಿವೆ. ಬಿರುಬೇಸಿಗೆಯಲ್ಲಿ ಕೂಡ ನೀರು ನನ್ನ ಗೋಡೆಯ ಮೇಲೆ ಮೂರು ದಿನ ಒಂದೇ ಗೆರೆಗೆ ನಿಂತದ್ದನ್ನು ನಾನು ಕಂಡಿಲ್ಲ. ಬಿಸಿಲಾದರೂ ಒಂದಿಷ್ಟು ಕುಡಿಯುತ್ತದೆ. ಚಹಾ ಅಲ್ಲಿಯೇ ಇಟ್ಟು ಎದ್ದೆ.

ಗುಲನಾಜ ಯಾರದೋ ಆಧಾರ್ ಕಾರ್ಡಿನ ಪ್ರಿಂಟು ತೆಗೆಯುತ್ತಿದ್ದಳು.

"ಯವ್ವಾ, ಆ ಡ್ಯಾಮಿಂದು ಮತ್ತ ತಗಿ. ಆ ನೀರು ಅಳ್ಳಾಡವಲ್ದು."

"ಗೇಟ್ ತಗದಿರೂದಿಲ್ಲ ಬಿಡ್ರಿ ಕಾಕಾ."

"ಗೇಟ್ ತಗೀಲಿ ಬಿಡ್ಲಿ. ತುಂಬಿದ್ದು ಹೆಂಗ ಅಷ್ಟ ಇರ್ತೈತಿ? ಪಾಯಿಂಟಿನ ಮುಂದಿನ ಕಡೀ ಏಳು ಸೈತ ಮೂರು ದಿನದಿಂದ ಏಳ ಐತಿ!"

ಆಕೆ ಮೇಲಿನ ದುಂಡನೆಯ ಬಾಣವನ್ನು ಒತ್ತಿದಳು. ಪುಟ ಒಮ್ಮೆ ಕಣ್ಣು ಮಿಟುಕಿಸಿ ಅದೇ ಅಂಕಿಯನ್ನು ತೋರಿಸಿತು. ಎಲ್ಲ ಮುಚ್ಚಿ ಮತ್ತೆ ತೆರೆದಳು. ಅದೇ. ಹುಬ್ಬು ಗಂಟು ಹಾಕಿಕೊಂಡು ತನ್ನ ಫೋನು ತೆಗೆದು ಅದರಲ್ಲಿ ಹುಡುಕಿದಳು. ಹುಡುಕಿದವಳು ಫೋನನ್ನು ಕಣ್ಣಿನ ಹತ್ತಿರ ಹಿಡಿದಳು.

"ಎಷ್ಟೈತಿ?" ಎಂದೆ.

ಫೋನನ್ನೇ ನನ್ನ ಕಡೆ ತಿರುಗಿಸಿದಳು. ಒಂದು, ಮೂರು, ಆಮೇಲೆ ಬರೀ ಸೊನ್ನೆ. ಕಣ್ಣು ಮೋಸ ಮಾಡಿತೇನೋ ಎಂದು ಹಿಂದಿನಿಂದ ಬೆರಳಿಟ್ಟು ಎಣಿಸಿದೆ. ಒಂದು ಲಕ್ಷ ಮೂವತ್ತು ಸಾವಿರ.

"ಇದು ಖರೇನೋ, ಅದು ಖರೇನೋ?"

"ತಡೀರಿ ಕಾಕಾ. ಈ ಬ್ರೌಸರ್ ಒಮ್ಮಿ ತೋರ್ಸಿದ ಪುಟಾನ ತನ್ನ ಹತ್ರ ಎತ್ತಿ ಇಟ್ಕೊಂಡಿರ್ತೈತಿ, ಮುಂದಿನ ಸಲ ಲಗೂನ ತೋರ್ಸಾಕ. ಹೊಸದು ಬಂದೈತೇನು ಅಂತ ಅಲ್ಲಿ ಕೇಳದನ ಹಳೇದನ್ನ ಮುಂದ ಇಡಾಕತ್ತೈತೋ ಏನೋ. ಇಟ್ಕೊಂಡಿದ್ದೆಲ್ಲಾ ಅಳಿಸಿ ನೋಡ್ತೇನಿ."

ಏನೇನೋ ಪಟ್ಟಿ ತೆಗೆದು, ಟಿಕ್ ಹಾಕಿ, ಒತ್ತಿದಳು. ಪುಟ ಪೂರ್ತಿ ಬೆಳ್ಳಗಾಯಿತು. ನೆಟ್ ನಿಧಾನವಿತ್ತು, ಬೆಳ್ಳಗೆಯೇ ನಿಂತಿತು. ಆಮೇಲೆ ಒಂದೊಂದಾಗಿ ಅಂಕಿ ಮೂಡಿದವು. ಒಂದು ಲಕ್ಷ ಮೂವತ್ತು ಸಾವಿರ. ತೊಂಬತ್ತೆಂಟು ಪಾಯಿಂಟ್ ಒಂದು ಎರಡು.

"ತಾರೀಖು ಇವತ್ತಿಂದು ಇತ್ತಲ್ಲವಾ!" ಎಂದೆ. "ದಿನಾ ನೋಡೀನಿ ನಾ. ಇಲ್ಲೇ ಐತಿ ನೋಡು," ಎಂದು ಪರದೆಯ ಕೆಳಗಿನ ಮೂಲೆಗೆ ಬೆರಳು ಹಚ್ಚಿದೆ.

ಆಕೆ ನನ್ನ ಬೆರಳನ್ನು ನೋಡಿದಳು. "ಕಾಕಾ, ಅದು ಈ ಕಂಪ್ಯೂಟರಿನ ಗಡಿಯಾರದ ತಾರೀಖ್ರಿ. ಪುಟ ಯಾವುದರ ಇರ್ಲಿ, ಅದು ಇವತ್ತಿಂದು ತೋರಸ್ತೈತಿ. ಡ್ಯಾಮಿನ ತಾರೀಖು ಮ್ಯಾಲ ಸಣ್ಣಾಗಿ ಇಂಗ್ಲಿಷಿನ್ಯಾಗ ಇರ್ತೈತಿ." ಆಮೇಲೆ ಅಂದಳು, "ನೀವು ನೋಡ್ತೀರಲ್ಲಾ ಅಂತ ನಾ ನೋಡ್ಲೇ ಇಲ್ರಿ."

ನಾನು ಮೂರು ದಿನ ರವಿವಾರದ ನೀರನ್ನೇ ಊರಿಗೆ ಹಂಚಿದ್ದೆ.

"ಯಾವಾಗ ಬಿಟ್ಟಾರಂತ?"

"ನಿನ್ನಿ ನಸಿಕಿನ್ಯಾಗ ನಾಕಕ್ಕ."

ಲೆಕ್ಕ ಹಾಕಿದರೆ ಇಂದು ಸಂಜೆ ನಾಲ್ಕಕ್ಕೆ ಬರಬೇಕು. ಆದರೆ ಒಂದೂವರೆ ದಿನ ಎಂಬುದು ಸಣ್ಣ ನೀರಿನ ಲೆಕ್ಕ, ದೊಡ್ಡ ನೀರು ಅಷ್ಟು ತಡೆಯುವುದಿಲ್ಲ. ಗಂಟೆ ಒಂಬತ್ತೂವರೆ ಆಗಿತ್ತು.

"ಲಕ್ಕಿ ಗಡ್ಡಿಯಾಗ ಅದಾಳ. ನಾನ ಕಳಿಸೀನಿ," ಎಂದೆ. ಗುಲನಾಜ ಮಸೂತಿಯಲ್ಲಿದ್ದ ತನ್ನ ಅಪ್ಪನಿಗೆ ಫೋನು ಹಚ್ಚುತ್ತಲೇ ಸ್ಕೂಟಿ ತೆಗೆದಳು. ನಾವು ಊರು ದಾಟುವುದರೊಳಗೆ ಮಸೂತಿಯ ಮೈಕಿನಲ್ಲಿ ಕೂಗು ಎದ್ದಿತು: "ಹೊಳ್ಯಾಗ ಇದ್ದವ್ರು ಲಗೂನ ಹೊರಗ ಬರ್ರಿ!"

ದಂಡೆಯಲ್ಲಿ ಹತ್ತು ಹನ್ನೆರಡು ಜನ ಮೋಟಾರು ಎಳೆಯುತ್ತಿದ್ದರು. ಮೀನು ಹಿಡಿಯುವ ದಾವಲಮಲಿಕ ಬಲೆ ಸುತ್ತಿ ಮೇಲೆ ಹಾಕಿ ನಿಂತಿದ್ದ.

"ಧರೆಪ್ಪ ಕಾಕಾ, ಲಕ್ಕವ್ವತ್ತಿ ಎಷ್ಟ ಕರದ್ರೂ ಬರವಲ್ಳು. ಮೈಕ್ ಕೇಳಿ ನಗಾಕತ್ತಾಳ."

ಗಡ್ಡೆಯ ಜಾಲಿಮರದ ಕೆಳಗೆ ಲಕ್ಕವ್ವ ಕಾಲು ಚಾಚಿ ಕೂತಿದ್ದಳು. ಗೊತ್ತಿಲ್ಲದವರು ನೋಡಿದರೆ ಹೊಳೆ ಎಂದಿನಂತೆಯೇ ಇತ್ತು. ಆದರೆ ನೀರು ಕೆಂಪು ತಿರುಗಿತ್ತು, ನೊರೆ ಸಾಲುಗಟ್ಟಿ ಬರುತ್ತಿತ್ತು, ಕಸಕಡ್ಡಿ ತೇಲುತ್ತಿತ್ತು.

"ಲಕ್ಕೀ! ಹೊರಗ ಬಾ!"

"ಯಾಕ? ನೀನ ಹೇಳಿದ್ಯಲ್ಲ, ಐದು ಸಾವಿರ!"

"ಅಲ್ಲ, ಬಾ!"

"ಮಂದಿ ಮಾತಿಗೆ ನೀನೂ ಹೆದರ್ದಿ ಏನೋ? ಹಲಗಿಗೆ ಹೆದರಲಿಲ್ಲ, ಮೈಕಿಗೆ ಹೆದರ್ದಿ!" ಎಂದು ನಕ್ಕು, ಸೆರಗು ಸರಿಮಾಡಿಕೊಂಡು ಕೂತೇ ಇದ್ದಳು.

ಅವಳನ್ನು ಅಲ್ಲಿ ಕೂರಿಸಿದ್ದು ನನ್ನ ಮಾತು. ಡಂಗುರ ಖರೆ ಹೇಳಿತ್ತು, ಅದನ್ನು ಸುಳ್ಳು ಮಾಡಿದವನು ನಾನು. ಮೋಟಾರು ಎಳೆಯುತ್ತಿದ್ದವರು ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಎರಡೂ ಕೈ ಬಾಯಿಗೆ ಹಿಡಿದು ಕೂಗಿದೆ:

"ನಾ ತಪ್ಪು ಓದೀನಿ! ಲಕ್ಕೀ, ನಾನ ತಪ್ಪು ಓದೀನಿ!"

ಅವಳ ನಗು ನಿಂತಿತು. ಏನು, ಎತ್ತ ಎಂದು ಒಂದು ಮಾತೂ ಕೇಳಲಿಲ್ಲ. ಸಟ್ಟನೆ ಎದ್ದು ಆಡುಗಳನ್ನು ಕರೆಯುತ್ತ ನೀರಿಗೆ ಇಳಿದೇಬಿಟ್ಟಳು.

ಬೆಳಿಗ್ಗೆ ಮೊಣಕಾಲಿಗಿದ್ದ ನೀರು ಈಗ ಸೊಂಟಕ್ಕಿತ್ತು. ದಾವಲಮಲಿಕ ಹಗ್ಗದ ಒಂದು ತುದಿ ದಂಡೆಯವರ ಕೈಗೆ ಕೊಟ್ಟು ಇನ್ನೊಂದು ತುದಿ ಹಿಡಿದು ಎದುರು ಹೋದ. ಎಂಟು ಆಡು ಅವಳ ಹಿಂದೆ ಈಸಿ ಬಂದವು. ಮೂರು ನೀರಿಗೆ ಹೆದರಿ ಗಡ್ಡೆಯ ಅಂಚಿನಲ್ಲೇ ನಿಂತವು. ನಡುನೀರಿನಲ್ಲಿ ಲಕ್ಕವ್ವ ಗಡ್ಡೆಯ ಕಡೆ ಹೊಳ್ಳಿ ನಿಂತಳು. ದಾವಲಮಲಿಕ ಅವಳ ರಟ್ಟೆ ಹಿಡಿದ.

"ಬಿಡೋ ನನ್ನ! ಬಸುರಾಡು ಉಳಕೊಂಡೈತಿ!"

"ನಾ ಬಿಟ್ರ ಹೊಳಿ ನಿನ್ನ ಬಿಡೂದಿಲ್ಲ, ನಡಿ ಅತ್ತಿ!"

ಎಳೆದುಕೊಂಡೇ ಬಂದ. ಅವಳು ದಂಡೆ ಹತ್ತಿ ಕೂತ ಮೇಲೆ ನೀರು ಬಂತು. ಸಪ್ಪಳ ಮಾಡಲಿಲ್ಲ. ಕೆಳಗಿನಿಂದ ಯಾರೋ ಹೊಳೆಯನ್ನೇ ಎತ್ತಿದಂತೆ ಏರಿತು. ಮೊದಲು ಹುಲ್ಲು ಹೋಯಿತು. ಆಮೇಲೆ ಜಾಲಿಯ ಬುಡ, ಆಮೇಲೆ ಕವಲು. ಆ ಮೂರು ಆಡು ಮರಕ್ಕೆ ಒತ್ತಿ ನಿಂತು ಒದರುತ್ತಿದ್ದವು. ಸ್ವಲ್ಪ ಹೊತ್ತಿಗೆ ಒದರುವುದು ಕೇಳಿಸಲಿಲ್ಲ. ಜನ್ಮವಿಡೀ ನೀರು ಏರುವುದನ್ನು ನೋಡುವ ಕೆಲಸ ಮಾಡಿದವನು ನಾನು. ಅಂದು ನೋಡಲಾರದೆ ನೋಡಿದೆ.

ಲಕ್ಕವ್ವ ಕೂತಲ್ಲೇ ಸೀರೆ ಹಿಂಡಿಕೊಂಡಳು, ನಾನೂ ಪಕ್ಕದಲ್ಲಿ ಕೂತೆ. ಗುಲನಾಜ ಹತ್ತಿರ ಬಂದು ಕಂಪ್ಯೂಟರು ಹಳೆಯ ಪುಟ ತೋರಿಸಿದ್ದನ್ನು ಮೆಲ್ಲಗೆ ಬಿಡಿಸಿ ಹೇಳಿದಳು. ಲಕ್ಕವ್ವ ಎಲ್ಲ ಕೇಳಿ, ನನ್ನ ಕಡೆ ಮುಖ ತಿರುಗಿಸಿದಳು.

"ಮಿಸಿನ್ನಿಗೆ ಹೊಳಿ ಏನ ಗೊತ್ತೈತಿ, ಬಿಡು. ಮೂರು ದಿನದಾಗ ನೀ ಒಮ್ಮೆರ ಇಲ್ಲಿತನಾ ಬಂದು ಹೊಳಿ ನೋಡಿದ್ಯೇನು?"

"ಇಲ್ಲ," ಎಂದೆ.

ಆಕೆ ತಲೆಯಾಡಿಸಿದಳು. ಎದ್ದು, ಬರಿಗಾಲಿನಲ್ಲಿ ಎಂಟು ಆಡು ಹೊಡೆದುಕೊಂಡು ಊರಿನ ಕಡೆ ನಡೆದಳು. ಹಿಂದೆಯೇ ಹೋಗಬೇಕೆಂದು ನಾನೂ ಎದ್ದೆ. ನೀರು ಎಲ್ಲಿ ಮುಟ್ಟಿತೆಂದು ನೋಡಲು ಮತ್ತೆ ಹೊಳೆಯ ಕಡೆಗೇ ತಿರುಗಿದೆ. ದಾವಲಮಲಿಕ ಬಂದು ಕಂಕುಳಿಗೆ ಕೈಕೊಟ್ಟು ಎತ್ತುವವರೆಗೆ ಅಲ್ಲಿಯೇ ಕೂತಿದ್ದೆ.