ಓರೆ ನಿಂತ ದಾಳ

ಭಾನುವಾರ ಚರ್ಚು ಬಿಟ್ಟ ಮೇಲೆ, ಸರೋವರದ ಕಡೆಯ ಬೀದಿಯಲ್ಲಿ ಹಿಮ ಬಾಚುವವರ ಸಲಿಕೆಯ ಸದ್ದನ್ನೂ ಮೀರಿ, ಒಂದು ನೆಲಮಾಳಿಗೆಯ ಕಿಟಕಿಯಿಂದ ಕಾಫಿ ಡಬ್ಬಿಯೊಳಗೆ ದಾಳ ಕುಲುಕುವುದು ಕೇಳಿತೆಂದರೆ, ಆರ್ಲಿನ್ ಟೆಶ್ ಯಾರ ಮೇಲೋ ರೇಗಲು ಸಿದ್ಧನಾಗಿದ್ದಾನೆ ಎಂದೇ ಅರ್ಥ. ಕೆಂಪು-ಕಪ್ಪು ಚೌಕಳಿಯ ಬೇಟೆಯ ಕೋಟನ್ನು ಅವನು ಮನೆಯೊಳಗೂ ಬಿಚ್ಚುತ್ತಿರಲಿಲ್ಲ. ನೋಯುವ ಮಂಡಿಗಾಗಿ ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡವಾಗಿ ಇಳಿದು, ಮೇಜಿನ ತುದಿಯಲ್ಲಿ ರಟ್ಟಿನ ಮರೆ ಎತ್ತಿ ನಿಲ್ಲಿಸಿ, ಅದರ ಹಿಂದೆ ಕೂತು ಆಟದ ಕಥೆ ನಡೆಸುತ್ತಿದ್ದ. ಗುಹೆ, ರಾಕ್ಷಸ, ಬಿರುಗಾಳಿ ಎಲ್ಲವೂ ಅವನ ವಶ. ಈಚೆ ಕೂತವರಿಗೆ ತಲೆಗೊಬ್ಬ ವೀರ.

ಆ ವೀರ ಹುಟ್ಟುವ ಕ್ರಮದಲ್ಲಿ ಆರ್ಲಿನ್ ಕೂದಲೆಳೆಯಷ್ಟೂ ಸಡಿಲ ಬಿಟ್ಟವನಲ್ಲ. ಒಂದೊಂದು ಗುಣಕ್ಕೂ ಮೂರು ದಾಳ, ಎಲ್ಲರ ಕಣ್ಣೆದುರು, ಅವನದೇ ಡಬ್ಬಿಯಿಂದ: ಶಕ್ತಿ, ಬುದ್ಧಿ, ವಿವೇಕ, ಚುರುಕು, ತಾಳಿಕೆ, ವರ್ಚಸ್ಸು. ಮೂರೂ ಕೂಡಿ ಬಂದ ಅಂಕ ಬಂದ ಜಾಗಕ್ಕೇ. ದಾಳ ಯಾವುದಕ್ಕಾದರೂ ಒರಗಿ ಓರೆ ನಿಂತರೆ ಮಾತ್ರ ಮತ್ತೆ ಹಾಕಬಹುದು. "ಬಿದ್ದದ್ದು ಬಿತ್ತು" ಎಂದು ಬೆರಳ ಗೆಣ್ಣಿನಿಂದ ಮೇಜು ಕುಟ್ಟಿದನೆಂದರೆ ಮುಗಿಯಿತು. ಗೆಳೆಯ ಡುವೇನ್ ಒಮ್ಮೆ ಮನೆಯಲ್ಲೇ ದಾಳ ಹಾಕಿಕೊಂಡು, ಬರೀ ಹದಿನೇಳು ಹದಿನೆಂಟರ ಅಂಕಗಳನ್ನು ಬರೆದು ತಂದಾಗ, ಆರ್ಲಿನ್ ಆ ಹಾಳೆಯನ್ನು ಒಲೆಗೆ ಹಾಕಿ ಅದರ ಮೇಲೆ ಕೈ ಕಾಯಿಸಿಕೊಂಡಿದ್ದ.

ಆರ್ಲಿನ್‌ನ ಅಕ್ಕನ ಮಗಳು ಲಿನೆಟ್ ವರ್ಷವಿಡೀ ಆಸೆಪಟ್ಟಿದ್ದು ಮಾಂತ್ರಿಕೆಯ ಪಾತ್ರಕ್ಕಾಗಿ. ಅವಳ ಹಳೆಯ ವೀರ ಆಟದ ಗುಹೆಯಲ್ಲಿ ಸತ್ತು, ಆ ಗಳಿಗೆ ಈಗ ಬಂದಿತ್ತು. ಮಂತ್ರ ಕಲಿಯಲು ಬೇಕಾದದ್ದು ಬುದ್ಧಿ. ಶಕ್ತಿಗೆ ಹದಿನಾರು ಬಿತ್ತು, ಬುದ್ಧಿಗೆ ಐದು.

"ಎರಡನ್ನೂ ಅದಲು ಬದಲು ಮಾಡ್ಕೊಳ್ಳೇ ಹುಡುಗಿ," ಎಂದ ಡುವೇನ್, ಚೀಸ್ ತುಂಡು ಅಗಿಯುತ್ತ. "ಯಾರಪ್ಪನ ಗಂಟು ಹೋಗುತ್ತೆ?"

"ಹಾಗೇ ನನ್ನ ಮಂಡಿಗೂ ನಿನ್ನ ಮಂಡಿಗೂ ಒಂದು ಅದಲು ಬದಲು ಆಗ್ಲಿ ಕಣೋ," ಆರ್ಲಿನ್ ಗುಡುಗಿದ. "ಐದು ಅಂದ್ರೆ ಐದು. ಪೆದ್ದಿಯಾಗಿ ಮೂಟೆ ಹೊತ್ಕೊಂಡು ಬಾಳಲಿ. ಬಿದ್ದದ್ದು ಬಿತ್ತು."

ಲಿನೆಟ್‌ಳ ಕಿವಿ ಬಿಸಿಯಾಯಿತು. ಚಿಕ್ಕಂದಿನಿಂದ ಕೇಳಿದ್ದ ಆ ಗೆಣ್ಣಿನ ಸದ್ದು ಇವತ್ತು ನೆತ್ತಿಗೇ ಬಡಿದಂತಿತ್ತು. ಮರೆಯ ಹಿಂದಿನ ಆ ಕೋಟನ್ನೇ ದಿಟ್ಟಿಸುತ್ತಿದ್ದವಳಿಗೆ ಥಟ್ಟನೆ ಹೊಳೆಯಿತು: ಕಥೆ ನಡೆಸುವವನಿಗೆ ತನ್ನದೆಂಬ ವೀರನಿಲ್ಲ, ಆದ್ದರಿಂದ ಅಂಕವೂ ಇಲ್ಲ.

"ಮಾವ, ನಿನಗೆಷ್ಟು ಬಿದ್ದಿತ್ತು?"

"ನಾನು ಆಟ ನಡೆಸೋನು. ನನಗ್ಯಾಕೆ?"

ಅವಳು ಡಬ್ಬಿಯನ್ನು ಮರೆಯ ಮೇಲಿಂದ ದಾಟಿಸಿ ಅವನ ಮುಂದೆ ಕುಕ್ಕಿದಳು. "ಹಾಕು. ಮೊದಲು ಶಕ್ತಿ."

"ಹಾಕಪ್ಪ, ನೋಡೇಬಿಡೋಣ," ಎಂದ ಡುವೇನ್.

ಆರ್ಲಿನ್ ಮರೆಯನ್ನು ಪಕ್ಕಕ್ಕೆ ತಳ್ಳಿ, ಕೋಟಿನ ತೋಳು ಸರಿಸಿ ಹಾಕಿದ. ಒಂದು, ಒಂದು, ಎರಡು: ಒಟ್ಟು ನಾಲ್ಕು. ಮೂರೂ ದಾಳ ಮೇಜಿನ ನಟ್ಟನಡುವೆ ಮಟ್ಟಸವಾಗಿ ಕೂತಿದ್ದವು. ಗೆಣ್ಣು ಮೇಜು ಕುಟ್ಟಲಿಲ್ಲ.

"ಒಂದು ಓರೆ ನಿಂತಿತ್ತು," ಎಂದು ಅವನು ದಾಳ ಬಾಚಿಕೊಂಡ.

"ಆಯ್ತು ಮಾವ, ಮತ್ತೆ ಹಾಕು. ನಿನ್ನದಾದ್ಮೇಲೆ ನನ್ನ ಐದನ್ನ ನಾನೂ ಮತ್ತೆ ಹಾಕ್ತೀನಿ."

ದಾಳಕ್ಕೆ ತಲೆಬಾಗಿರೆಂದು ಗದರುವ ಇಂಥವರು ತಮ್ಮ ಮಾತನ್ನು ಮನಸಾರೆ ನಂಬಿರುತ್ತಾರೆ. ದಾಳ ಉರುಳಿ ಬಾರದ ಕುರ್ಚಿಯೊಂದರಲ್ಲಿ ಅವರು ಎಷ್ಟು ಕಾಲದಿಂದ ಕೂತಿರುತ್ತಾರೆಂದರೆ, ಅಲ್ಲಿಂದ ಕಾಣುವ ಪರರ ಐದೆಲ್ಲ ನ್ಯಾಯವೇ, ತಮಗೆ ಬಿದ್ದ ನಾಲ್ಕು ಮಾತ್ರ ಓರೆ.

ಆರ್ಲಿನ್ ದಾಳಗಳನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಎದ್ದ. "ನೋಡೇ, ಅದು ಓರೆನೇ ನಿಂತಿತ್ತು," ಎನ್ನುತ್ತ, ಬೆನ್ನು ಗೋಡೆಗೆ ಸವರಿಕೊಂಡು ಅಡ್ಡಡ್ಡವಾಗಿ ಮೆಟ್ಟಿಲು ಹತ್ತತೊಡಗಿದ. "ನಾನು ಕೂತಿದ್ದ ಕಡೆಯಿಂದ ನೋಡಿದ್ರೆ ನಿನಗೂ—"